ಗಡಸು ನೀರಿನ ಪರವಾಗಿ ಒಂದು ಮಾತು

ಗಡಸು ನೀರನ್ನು ಹೊಗಳುವವರು ನಮ್ಮಲ್ಲಿ ಯಾರೂ ಇಲ್ಲ. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ, ಸ್ನಾನ ಮಾಡಿದರೆ ತಲೆಗೂದಲು ಒರಟಾಗುತ್ತದೆ, ಗೀಸರಿನ ಒಳಗೆ ಬಿಳಿಯ ಹಕ್ಕಳೆ ಕಟ್ಟುತ್ತದೆ. ಊರಿನಲ್ಲಿ ಹೊಸದಾಗಿ ಕೊಳವೆಬಾವಿ ಕೊರೆದಾಗ ಜನ ಕೇಳುವ ಮೊದಲ ಪ್ರಶ್ನೆ ಎಷ್ಟು ಇಂಚು ನೀರು ಬಂತು ಎಂಬುದಾದರೆ, ಎರಡನೆಯದು ನೀರು ಸಿಹಿಯೋ ಗಡಸೋ ಎಂಬುದು. ಇನ್ನೊಂದು ಕಡೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ರಾಯಚೂರು, ಗದಗ ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿ ಫ್ಲೋರೈಡ್ ಕಾಟ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳು, ದೊಡ್ಡವರಲ್ಲಿ ಬಗ್ಗದ ಬೆನ್ನು, ಮಡಚಲಾಗದ ಮಂಡಿ. ಈ ಎರಡನ್ನೂ ನಾವು ‘ಬೋರ್‌ವೆಲ್ ನೀರು ಕೆಟ್ಟದ್ದು’ ಎಂಬ ಒಂದೇ ದೂರಿನಲ್ಲಿ ಸೇರಿಸಿಬಿಡುತ್ತೇವೆ. ಆದರೆ ನೆಲದೊಳಗಿನ ರಸಾಯನಶಾಸ್ತ್ರದ ಪ್ರಕಾರ ಇವೆರಡೂ ಜೊತೆಗಾರರಲ್ಲ, ಎದುರಾಳಿಗಳು. ನೀರನ್ನು ಗಡಸಾಗಿಸುವ ಕ್ಯಾಲ್ಸಿಯಮ್ಮೇ ಫ್ಲೋರೈಡಿಗೆ ಕಡಿವಾಣ ಹಾಕುತ್ತದೆ. ಬಯಲುಸೀಮೆಯ ಆಳದ ಬಾವಿಯೊಂದರ ನೀರಿನಲ್ಲಿ ಬೇಳೆ ಚೆನ್ನಾಗಿ ಬೆಂದು ಸೋಪು ಧಾರಾಳವಾಗಿ ನೊರೆ ಕೊಟ್ಟರೆ, ಹಿಗ್ಗುವ ಮೊದಲು ಆ ನೀರನ್ನು ಪರೀಕ್ಷೆಗೆ ಕಳಿಸುವುದು ಲೇಸು.

ಮೊದಲು ಫ್ಲೋರೈಡ್ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಬೇಕು. ಕಾರ್ಖಾನೆ ಇಲ್ಲದ, ಚರಂಡಿಯೂ ಇಲ್ಲದ ಊರಿನಲ್ಲಿ ಅದು ಬರುವುದು ಕಲ್ಲಿನಿಂದ. ದಕ್ಷಿಣ ಕರ್ನಾಟಕದ ಬಹುಭಾಗದ ಅಡಿಪಾಯ ಪೆನಿನ್ಸುಲರ್ ನೈಸ್ ಎಂಬ ಪಟ್ಟೆಪಟ್ಟೆಯ ಶಿಲೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಅದರ ಪ್ರಸಿದ್ಧ ತುಣುಕು. ವಯಸ್ಸು ಸುಮಾರು 300 ಕೋಟಿ ವರ್ಷ. ಅದನ್ನು ಸೀಳಿಕೊಂಡು ರಾಮನಗರದ ಕಡೆಯಿಂದ ಉತ್ತರಕ್ಕೆ ನೂರಾರು ಕಿಲೋಮೀಟರ್ ಹಬ್ಬಿದ್ದು ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರದ ಹಳೆಯ ಹೆಸರೇ ಕ್ಲೋಸ್‌ಪೇಟೆ. ಈ ಕಲ್ಲುಗಳಲ್ಲಿ ಮಿನುಗುವ ಕಪ್ಪು ಅಭ್ರಕ, ಹಾರ್ನ್‌ಬ್ಲೆಂಡ್, ಕಣ್ಣಿಗೆ ಕಾಣದಷ್ಟು ಸಣ್ಣ ಅಪಟೈಟ್ ಹರಳು, ಅಲ್ಲಲ್ಲಿ ಫ್ಲೋರೈಟ್, ಇವುಗಳಲ್ಲೆಲ್ಲ ಫ್ಲೋರಿನ್ ಇದೆ. ಸಾಮಾನ್ಯ ಗ್ರಾನೈಟಿನ ಒಂದು ಕಿಲೋದಲ್ಲಿ ಕೆಲವು ನೂರು ಮಿಲಿಗ್ರಾಂ ಸಿಗುತ್ತದೆ. ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಭಾರತೀಯ ಮಾನಕ ಬ್ಯೂರೋದ ಪ್ರಕಾರ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅಂದರೆ ಕಲ್ಲಿನಲ್ಲಿರುವ ದಾಸ್ತಾನಿಗೆ ಹೋಲಿಸಿದರೆ ನೀರಿಗೆ ಬೇಕಾದದ್ದು ತೀರ ಅಲ್ಪ. ದಾಸ್ತಾನೊಂದೇ ಎಲ್ಲವನ್ನೂ ನಿರ್ಧರಿಸುವುದಾದರೆ ಗ್ರಾನೈಟಿನ ಮೇಲೆ ಕುಳಿತ ಪ್ರತಿ ಊರಿನ ಪ್ರತಿ ಬಾವಿಯೂ ವಿಷವಾಗಬೇಕಿತ್ತು. ಹಾಗಾಗಿಲ್ಲ. ಒಂದೇ ಬಂಡೆಯ ಮೇಲಿನ ಎರಡು ಹಳ್ಳಿಗಳಲ್ಲಿ, ಕೆಲವೊಮ್ಮೆ ಒಂದೇ ಹಳ್ಳಿಯ ಎರಡು ಕೊಳವೆಬಾವಿಗಳಲ್ಲಿ, ಒಂದರ ನೀರು ಮಿತಿಯೊಳಗಿದ್ದು ಇನ್ನೊಂದರದು ಮಿತಿ ಮೀರಿರುವುದುಂಟು. ಕಲ್ಲು ಒಂದೇ ಆಗಿದ್ದೂ ನೀರು ಬೇರೆಯಾದರೆ ಉತ್ತರವನ್ನು ನೀರಿನಲ್ಲೇ ಹುಡುಕಬೇಕು.

ಉತ್ತರ ಸಿಗುವುದು ರಾಸಾಯನಿಕ ಸಮತೋಲನದಲ್ಲಿ. ಪಿಯುಸಿ ಪುಸ್ತಕದಲ್ಲಿ ಎರಡು ದಿಕ್ಕಿನ ಬಾಣ ಬರೆದು ಕಲಿಸುವ ಪಾಠವಿದು. ಪರೀಕ್ಷೆ ಮುಗಿದ ಮೇಲೆ ಹೆಚ್ಚಿನವರು ಮರೆಯುತ್ತಾರೆ. ಜಾತ್ರೆಯ ದಿನ ದೇವಸ್ಥಾನದೊಳಗೆ ನಿಮಿಷಕ್ಕೆ ಎಷ್ಟು ಜನ ಹೋಗುತ್ತಾರೋ ಅಷ್ಟೇ ಜನ ಹೊರಬರುತ್ತಿದ್ದರೆ ಒಳಗಿನ ಸಂಖ್ಯೆ ಬದಲಾಗದೆ ನಿಲ್ಲುತ್ತದೆ, ಆದರೆ ಯಾರೂ ನಿಂತಿರುವುದಿಲ್ಲ. ಸಮತೋಲನವೆಂದರೆ ಅದು. ಫ್ಲೋರೈಟ್ ಎಂಬ ಖನಿಜ ಕ್ಯಾಲ್ಸಿಯಂ ಮತ್ತು ಫ್ಲೋರೈಡ್ ಸೇರಿ ಆದದ್ದು. ಅದು ನೀರಿನಲ್ಲಿ ಕರಗುವುದು ಬಹಳ ಕಡಿಮೆ: ಲೀಟರ್ ಶುದ್ಧ ನೀರಿಗೆ ಸುಮಾರು 16 ಮಿಲಿಗ್ರಾಂ. ನೀರಿನಲ್ಲಿ ಮೊದಲೇ ಬೇರೆ ಕಡೆಯಿಂದ ಬಂದ ಕ್ಯಾಲ್ಸಿಯಂ ಇದ್ದರೆ, ಕರಗುವ ದಿಕ್ಕಿಗಿಂತ ಮತ್ತೆ ಹರಳಾಗುವ ದಿಕ್ಕು ಬಲವಾಗುತ್ತದೆ. ಫ್ಲೋರೈಡ್ ನೀರಿನಲ್ಲಿ ಉಳಿಯಲು ಜಾಗವೇ ಇರುವುದಿಲ್ಲ. ಒಂದು ಕ್ಯಾಲ್ಸಿಯಮ್ಮಿಗೆ ಎರಡು ಫ್ಲೋರೈಡ್ ಬೇಕಾಗುವುದರಿಂದ ಲೆಕ್ಕ ವರ್ಗಮೂಲದಲ್ಲಿ ನಡೆಯುತ್ತದೆ. ಲೀಟರಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರು ಹೆಚ್ಚೆಂದರೆ ಸುಮಾರು 3 ಮಿಲಿಗ್ರಾಂ ಫ್ಲೋರೈಡ್ ಹಿಡಿದಿಟ್ಟುಕೊಳ್ಳಬಲ್ಲದು. ಕ್ಯಾಲ್ಸಿಯಂ 10ಕ್ಕೆ ಇಳಿದರೆ ಈ ಮೇಲ್ಮಿತಿ ಸುಮಾರು 6ಕ್ಕೆ ಏರುತ್ತದೆ. ಕ್ಯಾಲ್ಸಿಯಂ 160 ಇದ್ದರೆ ಮೇಲ್ಮಿತಿ ಒಂದೂವರೆಯ ಹತ್ತಿರ ನಿಲ್ಲುತ್ತದೆ. ನೀರಿನಲ್ಲಿ ಕರಗಿದ ಇತರ ಲವಣಗಳಿಂದ ಈ ಅಂಕಿಗಳು ತುಸು ಹಿಂದೆ ಮುಂದೆ ಆಗಬಹುದು, ದಿಕ್ಕು ಬದಲಾಗದು. ಇದು ಮೇಲ್ಮಿತಿ ಎಂಬುದನ್ನು ಮಾತ್ರ ಮರೆಯಬಾರದು. ಕಲ್ಲಿನಿಂದ ಅಷ್ಟು ಫ್ಲೋರೈಡ್ ಬರದಿದ್ದರೆ ನೀರು ಅದನ್ನು ಮುಟ್ಟುವುದೇ ಇಲ್ಲ. ಬಂದರೂ ಎಷ್ಟು ಉಳಿದೀತು ಎಂದು ತೀರ್ಮಾನಿಸುವುದು ಕ್ಯಾಲ್ಸಿಯಂ.

ಈ ಯೋಚನಾಕ್ರಮದ ಹುಟ್ಟಿಗೂ ಉಪ್ಪುನೆಲಕ್ಕೂ ಹಳೆಯ ನಂಟಿದೆ. 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ದಂಡೆತ್ತಿ ಹೋದಾಗ ಕ್ಲೋಡ್ ಲೂಯಿ ಬರ್ತೊಲೆ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞನೂ ಜೊತೆಗಿದ್ದ. ಕೈರೋದ ವಾಯವ್ಯಕ್ಕೆ ಮರುಭೂಮಿಯ ತಗ್ಗಿನಲ್ಲಿರುವ ನಾತ್ರೂನ್ ಸರೋವರಗಳ ದಡದಲ್ಲಿ ಅವನು ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್, ಹೆಪ್ಪುಗಟ್ಟಿ ಬಿದ್ದಿರುವುದನ್ನು ಕಂಡ. ಪ್ರಯೋಗಾಲಯದಲ್ಲಿ ಸೋಡಾ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದರೆ ಸುಣ್ಣಕಲ್ಲಿನ ಪುಡಿ ಕೆಳಗಿಳಿಯುತ್ತದೆ, ಅಡುಗೆ ಉಪ್ಪು ನೀರಿನಲ್ಲಿ ಉಳಿಯುತ್ತದೆ. ಇಲ್ಲಿ ನೋಡಿದರೆ ಉಪ್ಪುನೀರು ಮತ್ತು ಸುಣ್ಣಕಲ್ಲು ಸೇರಿ ಸೋಡಾ ಹುಟ್ಟಿದಂತಿದೆ, ಎಲ್ಲವೂ ತಿರುಗುಮುರುಗು! ಯಾವ ವಸ್ತುವಿಗೆ ಯಾವುದರ ಮೇಲೆ ಒಲವು ಎಂಬುದು ಶಾಶ್ವತವಾಗಿ ನಿಗದಿಯಾಗಿದೆ ಎಂದು ನಂಬಿದ್ದ ಕಾಲವದು. ಹಾಗಲ್ಲ, ವಸ್ತುವಿನ ಪ್ರಮಾಣ ಎಷ್ಟಿದೆ, ಉತ್ಪನ್ನ ಅಲ್ಲಿಂದ ಜಾಗ ಬಿಡುತ್ತದೆಯೇ ಎಂಬುದರ ಮೇಲೆ ಕ್ರಿಯೆಯ ದಿಕ್ಕೇ ಬದಲಾಗಬಹುದು ಎಂದು ಬರ್ತೊಲೆ ವಾದಿಸಿದ. 1803ರಲ್ಲಿ ಅದನ್ನು ದೊಡ್ಡ ಗ್ರಂಥವಾಗಿಯೂ ಬರೆದ. ಆ ಸರೋವರಗಳ ಸೋಡಾದ ಹುಟ್ಟಿನಲ್ಲಿ ಬ್ಯಾಕ್ಟೀರಿಯಾಗಳ ಕೈವಾಡವೂ ಇದೆ ಎಂದು ಮುಂದೆ ತಿಳಿದುಬಂತು, ಆದರೆ ಅವನ ಒಳನೋಟಕ್ಕೆ ಧಕ್ಕೆಯಾಗಲಿಲ್ಲ. ನಾರ್ವೆಯ ಗುಲ್ಡ್‌ಬರ್ಗ್ ಮತ್ತು ವಾಗೆ 1864ರಲ್ಲಿ ಅದಕ್ಕೆ ಗಣಿತದ ರೂಪ ಕೊಟ್ಟರು. ನೆಪೋಲಿಯನ್ನನ ಯುದ್ಧಗಳಿಂದ ಜಗತ್ತಿಗಾದ ಲಾಭಗಳ ಪಟ್ಟಿ ಚಿಕ್ಕದು. ಅದರಲ್ಲಿ ಇದನ್ನು ಸೇರಿಸಲೇಬೇಕು. ನಮ್ಮ ವಿಷಯಕ್ಕೆ ಮುಖ್ಯವಾದದ್ದೇನೆಂದರೆ, ಕ್ಯಾಲ್ಸಿಯಂ ಕಾರ್ಬೊನೇಟಾಗಿ ಒಂದು ಕಡೆ ಕೂತು, ಸೋಡಿಯಂ ಕಾರ್ಬೊನೇಟಿನ ಜೊತೆ ನೀರಿನಲ್ಲಿ ಉಳಿಯುವ ಈ ಆಟ ಈಜಿಪ್ಟಿಗೆ ಸೀಮಿತವಲ್ಲ. ಮಡಿವಾಳರು ಹಿಂದೆ ಬಟ್ಟೆ ಒಗೆಯಲು ತರುತ್ತಿದ್ದ ನಮ್ಮ ಸವಳು ಮಣ್ಣಿನಲ್ಲೂ ಸೋಡಾದ ಅಂಶವಿದೆ. ಬಯಲುಸೀಮೆಯ ಕೊಳವೆಬಾವಿಯ ತಳದಲ್ಲೂ ನಡೆಯುತ್ತಿರುವುದು ಅದರದೇ ನಿಧಾನಗತಿಯ ರೂಪ.

ಹೇಗೆ ಎಂದು ಮಳೆಹನಿಯ ಬೆನ್ನು ಹತ್ತಿ ನೋಡೋಣ. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ತುಸು ಆಮ್ಲೀಯವಾಗಿರುತ್ತದೆ. ಮಣ್ಣಿನೊಳಗೆ ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವುದರಿಂದ ಅಲ್ಲಿ ಈ ಅನಿಲ ಹೊರಗಿನ ಗಾಳಿಗಿಂತ ಹತ್ತಾರು ಪಟ್ಟು ಹೆಚ್ಚು. ಅದನ್ನು ಹೊತ್ತು ಕೆಳಗಿಳಿದ ನೀರು ಫೆಲ್ಡ್‌ಸ್ಪಾರನ್ನು ಕೊರೆದು ಜೇಡಿಯಾಗಿಸುತ್ತದೆ. ಕ್ಯಾಲ್ಸಿಯಂ, ಸೋಡಿಯಂ ಎರಡನ್ನೂ ಬಿಡಿಸಿಕೊಳ್ಳುತ್ತದೆ. ಮೊದಮೊದಲು ಕ್ಯಾಲ್ಸಿಯಂ ಮೇಲುಗೈ, ನೀರು ಗಡಸು. ತೆರೆದ ಬಾವಿಗಳ ಕಾಲದಲ್ಲಿ ನಾವು ಕುಡಿಯುತ್ತಿದ್ದುದು ಬಹುಮಟ್ಟಿಗೆ ಈ ಹಂತದ ನೀರು. ನೀರು ಇನ್ನೂ ಆಳಕ್ಕಿಳಿದು ವರ್ಷಗಟ್ಟಲೆ ಬಿರುಕುಗಳಲ್ಲಿ ಕೂತಾಗ ಒಳಗಿನ ಆಮ್ಲವೆಲ್ಲ ಕಲ್ಲನ್ನು ಕೊರೆಯುವುದರಲ್ಲೇ ಖರ್ಚಾಗಿ ನೀರು ಕ್ಷಾರದ ಕಡೆಗೆ ವಾಲುತ್ತದೆ. ಆಗ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಸೇರಿ ಕ್ಯಾಲ್ಸೈಟ್ ಆಗಿ ಬಿರುಕುಗಳ ಗೋಡೆಗೆ ಅಂಟಿಕೊಳ್ಳುತ್ತವೆ. ಗೀಸರಿನಲ್ಲಿ ಕಾಯಿಸಿದಾಗ ಅನಿಲ ಹಾರಿಹೋಗಿ ಹಕ್ಕಳೆ ಕಟ್ಟುವುದೂ ಇದೇ ಕ್ರಿಯೆಯಿಂದ. ಒಣಸೀಮೆಯಲ್ಲಿ ನೀರು ಆವಿಯಾಗುವುದರಿಂದ ಮೇಲ್ಮಣ್ಣಿನಲ್ಲೂ ಹೀಗಾಗುತ್ತದೆ. ಎರೆಭೂಮಿಯಲ್ಲೋ ಹಳ್ಳದ ದಂಡೆಯ ಕೊರಕಲಿನಲ್ಲೋ ಕೈಯಾಡಿಸಿದರೆ ಗೋಲಿಯಷ್ಟು, ಶುಂಠಿಯಷ್ಟು ಗಾತ್ರದ, ಅಡ್ಡಾದಿಡ್ಡಿ ಆಕಾರದ ಬೂದುಬಿಳಿ ಉಂಡೆಗಳು ಸಿಗುತ್ತವೆ. ಹಿಂದೆ ಇವನ್ನೇ ಆಯ್ದು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುತ್ತಿದ್ದರು. ಒಂದರ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಸಣ್ಣಗೆ ನೊರೆ ಏಳುತ್ತದೆ, ಕಲ್ಲಿನೊಳಗೆ ಬಂಧಿಯಾಗಿದ್ದ ಅನಿಲ ಹೊರಬರುವ ಗುರುತು. ಆ ಒಂದೊಂದು ಉಂಡೆಯೂ ನೀರಿನಿಂದ ಕಳೆದುಹೋದ ಕ್ಯಾಲ್ಸಿಯಂ. ಫ್ಲೋರೈಡನ್ನು ಹಿಡಿದಿಡಬೇಕಿದ್ದ ಕಾವಲುಗಾರ ಕಾರ್ಬೊನೇಟಿನ ಕೈಹಿಡಿದು ಹೊರಟುಹೋಗಿದ್ದಾನೆ.

ಅಷ್ಟಕ್ಕೇ ಮುಗಿಯಲಿಲ್ಲ. ಜೇಡಿಮಣ್ಣಿನ ಪದರಗಳಿಗೆ ನೀರಿನ ಕ್ಯಾಲ್ಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಟ್ಟುಕೊಡುವ ಸ್ವಭಾವವಿದೆ. ಅಪಾರ್ಟ್‌ಮೆಂಟುಗಳಲ್ಲಿ ಸಾವಿರಾರು ರೂಪಾಯಿ ಕೊಟ್ಟು ಹಾಕಿಸುವ ವಾಟರ್ ಸಾಫ್ಟನರ್ ಮಾಡುವ ಕೆಲಸ ಚಾಚೂ ತಪ್ಪದೆ ಇದೇ. ಅಂತೂ ಆಳದ ಹಳೆಯ ನೀರಿನಲ್ಲಿ ಕ್ಯಾಲ್ಸಿಯಂ ಇಳಿದು, ಸೋಡಿಯಂ ಏರಿ, ಕ್ಷಾರ ಹೆಚ್ಚಿ, ಅದು ಹದವಾದ ಸೋಡಾ ನೀರಾಗುತ್ತದೆ. ಇನ್ನು ಕ್ಷಾರದ ಆಟ ನೋಡಿ. ಅಭ್ರಕ ಮತ್ತು ಅಪಟೈಟಿನ ಹರಳುಗಳಲ್ಲಿ ಫ್ಲೋರೈಡ್ ಕೂರುವ ಜಾಗದಲ್ಲಿ ಹೈಡ್ರಾಕ್ಸಿಲ್ ಕೂಡ ಕೂರಬಲ್ಲದು. ಇಬ್ಬರ ಗಾತ್ರವೂ ಹೆಚ್ಚುಕಡಿಮೆ ಒಂದೇ, ವಿದ್ಯುದಂಶವೂ ಒಂದೇ. ಕ್ಷಾರ ಹೆಚ್ಚಿದ ನೀರಿನಲ್ಲಿ ಹೈಡ್ರಾಕ್ಸಿಲ್ ಜಾಸ್ತಿ. ಅದು ಹರಳಿನೊಳಗೆ ನುಗ್ಗಿ ಫ್ಲೋರೈಡನ್ನು ಹೊರದಬ್ಬುತ್ತದೆ. ಹೀಗೆ ಫ್ಲೋರೈಡನ್ನು ಹೊರಹಾಕುವ ಪರಿಸ್ಥಿತಿಯೂ ಅದನ್ನು ತಡೆಯುವ ಕ್ಯಾಲ್ಸಿಯಂ ಇಲ್ಲವಾಗುವ ಪರಿಸ್ಥಿತಿಯೂ ಒಂದೇ ನೀರಿನಲ್ಲಿ, ಒಂದೇ ಕಾಲಕ್ಕೆ ಕೂಡಿಬರುತ್ತವೆ. ಪೂರ್ವ ಆಫ್ರಿಕದ ಬಿರುಕು ಕಣಿವೆಯ ಸೋಡಾ ಸರೋವರಗಳು ಇದರ ಅತಿರೇಕದ ಉದಾಹರಣೆ. ಕೀನ್ಯಾದ ನಕುರು ಸರೋವರದಂಥ ಕಡೆ ಕ್ಯಾಲ್ಸಿಯಂ ಬಹುತೇಕ ಶೂನ್ಯ; ಫ್ಲೋರೈಡ್ ಲೀಟರಿಗೆ ನೂರಾರು ಮಿಲಿಗ್ರಾಂ. ಇನ್ನೂ ಒಂದು ವಿಚಿತ್ರವಿದೆ. ನಮ್ಮ ಹಲ್ಲು, ಮೂಳೆಗಳ ಖನಿಜವೂ ಅಪಟೈಟ್ ಜಾತಿಯದೇ. ಕಲ್ಲಿನ ಅಪಟೈಟ್ ಬಿಟ್ಟುಕೊಟ್ಟ ಫ್ಲೋರೈಡನ್ನು ದೇಹದ ಅಪಟೈಟ್ ಹೈಡ್ರಾಕ್ಸಿಲ್ ಜಾಗದಲ್ಲಿ ಕೂರಿಸಿಕೊಳ್ಳುತ್ತದೆ. ಅತ್ಯಲ್ಪ ಪ್ರಮಾಣದಲ್ಲಿ ಇದರಿಂದ ಹಲ್ಲು ಗಟ್ಟಿಯಾಗುತ್ತದೆ. ಟೂತ್‌ಪೇಸ್ಟಿನಲ್ಲಿ ಫ್ಲೋರೈಡ್ ಸೇರಿಸುವುದು ಅದಕ್ಕೇ. ವರ್ಷಾನುಗಟ್ಟಲೆ ಅತಿಯಾದರೆ ಮೂಳೆಯ ಕಟ್ಟಡವೇ ಕೆಡುತ್ತದೆ.

ಇಷ್ಟು ಹೇಳಿದಾಗ ಭೂವಿಜ್ಞಾನ ಬಲ್ಲವರು ಕೇಳಬಹುದಾದ ಮೊದಲ ಪ್ರಶ್ನೆ: ನೆಲದಡಿಯ ನೀರು ಮುಚ್ಚಿದ ಸೀಸೆಯಲ್ಲಿಲ್ಲ, ಹರಿಯುತ್ತದೆ, ಬೆರೆಯುತ್ತದೆ. ಅಂಥದ್ದಕ್ಕೆ ಸಮತೋಲನದ ಲೆಕ್ಕ ಹೇಗೆ ಅನ್ವಯಿಸುತ್ತದೆ? ಪ್ರಶ್ನೆ ಸರಿಯಾದದ್ದೇ. ಸಮತೋಲನ ಹೇಳುವುದು ದಿಕ್ಕು ಮತ್ತು ಮಿತಿ. ವೇಗದ ಬಗ್ಗೆ ಅದಕ್ಕೆ ಮಾತಿಲ್ಲ. ನೆಲದ ಮೇಲೆ ವಜ್ರಕ್ಕಿಂತ ಗ್ರಾಫೈಟ್ ಸ್ಥಿರವಾದ ರೂಪ, ಆದರೂ ಯಾರ ಉಂಗುರದ ವಜ್ರವೂ ಪೆನ್ಸಿಲ್ ಕಡ್ಡಿಯಾಗುವುದಿಲ್ಲ. ಗ್ರಾನೈಟ್ ಕೂಡ ಪೂರ್ತಿ ಜೇಡಿಯಾಗಿ ಸಮತೋಲನ ಮುಟ್ಟಲು ಲಕ್ಷಾಂತರ ವರ್ಷ ಬೇಕು. ಕ್ಯಾಲ್ಸೈಟ್, ಫ್ಲೋರೈಟ್‌ಗಳದು ಬೇರೆ ಸಂಗತಿ. ಅವು ಸಾಕಷ್ಟು ಚುರುಕು. ನೀರು ನೆಲದಡಿ ಕಳೆಯುವ ವರ್ಷಗಳಿಗೆ ಹೋಲಿಸಿದರೆ ಅವುಗಳ ಕರಗುವಿಕೆ, ಹರಳಾಗುವಿಕೆಗೆ ಬೇಕಾದ ಕಾಲ ಅಲ್ಪ. ಹಾಗಾಗಿ ಕಲ್ಲಿನ ಬಹುಪಾಲು ಸಮತೋಲನದಿಂದ ದೂರವಿದ್ದರೂ ಈ ಎರಡು ಖನಿಜಗಳ ಮಟ್ಟಿಗೆ ಲೆಕ್ಕ ನಿಲ್ಲುತ್ತದೆ. ಇದು ಬರಿಯ ಊಹೆಯಲ್ಲ. ಬಿ. ಕೆ. ಹಾಂಡಾ 1975ರಲ್ಲೇ ಭಾರತದ ಫ್ಲೋರೈಡ್‌ಭರಿತ ಅಂತರ್ಜಲದ ರಸಾಯನವನ್ನು ಪರಿಶೀಲಿಸಿ ಕ್ಯಾಲ್ಸಿಯಂ ಏರಿದಲ್ಲಿ ಫ್ಲೋರೈಡ್ ಇಳಿಯುವ ಸಂಬಂಧವನ್ನು ಎತ್ತಿ ತೋರಿಸಿದರು. ಆಮೇಲೆ ಜಗತ್ತಿನ ಹಲವೆಡೆ ನಡೆದ ಅಧ್ಯಯನಗಳಲ್ಲೂ ಚಿತ್ರ ಬಹುಮಟ್ಟಿಗೆ ಇದೇ: ನೀರಿನ ಮಾದರಿಗಳು ಫ್ಲೋರೈಟಿನ ಮಿತಿರೇಖೆಯ ಕೆಳಗೆ ಹರಡಿಕೊಂಡಿರುತ್ತವೆ, ಅದನ್ನು ದಾಟಿ ಬಹುದೂರ ಹೋಗುವುದಿಲ್ಲ.

ಎರಡನೆಯ ಆಕ್ಷೇಪ ರೈತಸಂಘಟನೆಗಳ ಸಭೆಗಳಲ್ಲೂ ಪರಿಸರದ ಭಾಷಣಗಳಲ್ಲೂ ಕೇಳಿಬರುತ್ತದೆ. ಇದೆಲ್ಲ ರಸಗೊಬ್ಬರದ ಪಾಪ, ಕಲ್ಲಿನ ಮೇಲೆ ಯಾಕೆ ಹಾಕುತ್ತೀರಿ ಎಂದು. ಸೂಪರ್‌ಫಾಸ್ಫೇಟ್ ತಯಾರಾಗುವ ಶಿಲಾರಂಜಕದಲ್ಲಿ ಫ್ಲೋರಿನ್ ಇರುವುದು ನಿಜ, ಗೊಬ್ಬರದ ಜೊತೆ ಒಂದಿಷ್ಟು ಹೊಲಕ್ಕೆ ಬೀಳುವುದೂ ನಿಜ. ಆದರೆ ಭಾರತದಲ್ಲಿ ಮೂಳೆಯ ಫ್ಲೋರೋಸಿಸ್ ಮೊದಲು ವರದಿಯಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಹಸಿರು ಕ್ರಾಂತಿಗೆ ಆಗ ಇನ್ನೂ ಮೂರು ದಶಕ ಬಾಕಿ. ಗೊಬ್ಬರವನ್ನು ಸಂಪೂರ್ಣ ನಿರ್ದೋಷಿ ಎನ್ನಲಾಗದು, ಆದರೆ ಮುಖ್ಯ ಆರೋಪಿ ಅದಲ್ಲ.

ಮೂರನೆಯದು ಜಾಣ ಪ್ರಶ್ನೆ. ಕ್ಯಾಲ್ಸಿಯಂ ಅಷ್ಟು ಒಳ್ಳೆಯದಾದರೆ ನೀರಿಗೆ ಸುಣ್ಣ ಹಾಕಿ ಕುಡಿದರಾಯಿತಲ್ಲ? ಆಗುವುದಿಲ್ಲ, ಯಾಕೆಂಬುದಕ್ಕೂ ಸಮತೋಲನವೇ ಉತ್ತರ ಕೊಡುತ್ತದೆ. ಬೈಕಾರ್ಬೊನೇಟ್ ತುಂಬಿದ ಸೋಡಾ ನೀರಿಗೆ ಸುಣ್ಣ ಹಾಕಿದರೆ ಆ ಕ್ಯಾಲ್ಸಿಯಂ ಮೊದಲು ಹೋಗುವುದು ಕಾರ್ಬೊನೇಟಿನ ಬಳಿಗೆ. ಅಲ್ಲಿ ಮಿಕ್ಕರೆ ತಾನೇ ಫ್ಲೋರೈಡಿಗೆ! ಬೈಕಾರ್ಬೊನೇಟ್ ಇಲ್ಲವೆಂದೇ ಇಟ್ಟುಕೊಂಡರೂ ಫ್ಲೋರೈಡನ್ನು 1 ಮಿಲಿಗ್ರಾಮಿಗೆ ಇಳಿಸಲು ನೀರಿನಲ್ಲಿ ಲೀಟರಿಗೆ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಕರಗಿರಬೇಕಾಗುತ್ತದೆ. ಮಾನಕ ಬ್ಯೂರೋ ಬೇರೆ ದಾರಿಯಿಲ್ಲದಾಗ ಒಪ್ಪುವ ಗರಿಷ್ಠ 200. ನಾಗ್ಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಸುಣ್ಣವೂ ಇದೆ, ಆದರೆ ಅಲ್ಲಿ ಫ್ಲೋರೈಡನ್ನು ಹಿಡಿಯುವ ಮುಖ್ಯ ಕೆಲಸ ಪಟಿಕದಿಂದ ಹುಟ್ಟುವ ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಮಡ್ಡಿಯದು. ಕುದಿಸಿದರೆ? ಇನ್ನೂ ಕೆಟ್ಟದ್ದು. ಕ್ಯಾಲ್ಸಿಯಂ ಹಕ್ಕಳೆಯಾಗಿ ಪಾತ್ರೆಗೆ ಅಂಟುತ್ತದೆ, ಫ್ಲೋರೈಡ್ ಅಷ್ಟೂ ಉಳಿಯುತ್ತದೆ, ಆವಿಯಾದ ನೀರಿನ ಲೆಕ್ಕಕ್ಕೆ ತುಸು ದಟ್ಟವೂ ಆಗುತ್ತದೆ. ಸಾಫ್ಟನರ್ ಕೂಡ ಕ್ಯಾಲ್ಸಿಯಂ ಕಿತ್ತು ಫ್ಲೋರೈಡನ್ನು ಹಾಗೇ ಬಿಡುತ್ತದೆ. ಹಳ್ಳಿಗಳ ಶುದ್ಧ ನೀರಿನ ಘಟಕಗಳಲ್ಲಿರುವ ಆರ್‌ಒ ಫ್ಲೋರೈಡನ್ನು ತೆಗೆಯುವುದು ನಿಜ. ಆದರೆ ಅದು ಹೊರಚೆಲ್ಲುವ ದಟ್ಟ ನೀರು ಮತ್ತೆ ಅದೇ ನೆಲಕ್ಕೆ ಇಳಿಯುತ್ತದೆ. ಮನೆಯವರು ಕುಡಿಯಲು ಕ್ಯಾನಿನ ನೀರು ಬಳಸಿ ಅನ್ನ ಸಾರಿಗೆ ನಲ್ಲಿಯ ನೀರನ್ನೇ ಬಳಸಿದರೆ ಫ್ಲೋರೈಡ್ ಹಿಂಬಾಗಿಲಿನಿಂದ ಬಂದೇ ಬರುತ್ತದೆ.

ಗಡಸು ನೀರಿನಿಂದ ಕಿಡ್ನಿಯಲ್ಲಿ ಕಲ್ಲಾಗುತ್ತದಲ್ಲ ಎಂಬ ಭಯ ಬಹಳ ಜನರಿಗಿದೆ. ಅದಕ್ಕೆ ಗಟ್ಟಿ ಪುರಾವೆಯಿಲ್ಲ. ಬಿಸಿಲುನಾಡಿನಲ್ಲಿ ನೀರನ್ನೇ ಕಡಿಮೆ ಕುಡಿಯುವುದು ಅದಕ್ಕಿಂತ ದೊಡ್ಡ ಕಾರಣ. ಹಾಗೆಂದು ಗಡಸು ನೀರೆಲ್ಲ ಸುರಕ್ಷಿತ ಎಂದು ತಿಳಿಯಬಾರದು. ಕ್ಯಾಲ್ಸಿಯಂ 40 ಮಿಲಿಗ್ರಾಂ ಇರುವ ನೀರಿನಲ್ಲೂ 3 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಲು ಸಾಧ್ಯವೆಂದು ಮೇಲಿನ ಲೆಕ್ಕವೇ ಹೇಳುತ್ತದೆ. ಗಡಸುತನದ ಅಂಕಿಯಲ್ಲಿ ಮೆಗ್ನೀಸಿಯಮ್ಮಿನ ಪಾಲೂ ಸೇರಿರುವುದರಿಂದ ಒಟ್ಟು ಗಡಸುತನ ನೋಡಿ ಕ್ಯಾಲ್ಸಿಯಂ ಎಷ್ಟೆಂದು ಊಹಿಸುವಂತೆಯೂ ಇಲ್ಲ. ಅದೇ ರೀತಿ ಮೇಲಿನ ನೀರೆಲ್ಲ ಒಳ್ಳೆಯದು, ಆಳದ್ದೆಲ್ಲ ಕೆಟ್ಟದ್ದು ಎಂಬ ಸೂತ್ರವೂ ನಡೆಯುವುದಿಲ್ಲ. ತೀರ ಒಣಗಿದ ಕಡೆ, ನೀರು ಮೇಲೆಯೇ ಆವಿಯಾಗಿ ಕ್ಯಾಲ್ಸಿಯಂ ಉಂಡೆಗಟ್ಟಿದ ನೆಲದಲ್ಲಿ, ಮೇಲ್‌ಸ್ತರದ ನೀರೇ ಫ್ಲೋರೈಡಿನಿಂದ ಕೆಟ್ಟಿರಬಹುದು.

ಆದರೂ ನಮ್ಮ ಬಯಲುಸೀಮೆಯ ಕಳೆದ ಕೆಲವು ದಶಕಗಳ ಕಥೆಯ ದಿಕ್ಕು ಸ್ಪಷ್ಟವಾಗಿದೆ. ಪ್ರತಿವರ್ಷದ ಮಳೆ ತುಂಬಿಸುತ್ತಿದ್ದ ತೆರೆದ ಬಾವಿಗಳು ಬತ್ತಿದವು, ಕೆರೆಗಳಲ್ಲಿ ಹೂಳು ತುಂಬಿತು. ಇನ್ನೂರು ಅಡಿಯ ಕೊಳವೆಬಾವಿ ಬತ್ತಿದಾಗ ಐನೂರು, ಅದೂ ಬತ್ತಿದಾಗ ಸಾವಿರ ಅಡಿ ಎಂದು ಇಳಿಯುತ್ತ ಹೋದೆವು. ಹೀಗೆ ಇಳಿದಷ್ಟೂ ನಾವು ಕಲ್ಲಿನ ಜೊತೆ ಹೆಚ್ಚು ಕಾಲ ಕಳೆದ, ಕ್ಯಾಲ್ಸಿಯಂ ಕಳೆದುಕೊಂಡು ಸೋಡಿಯಂ ಗಳಿಸಿದ ನೀರಿನತ್ತ ಹೋಗುತ್ತೇವೆ. ಆ ಫ್ಲೋರೈಡನ್ನು ಅಲ್ಲಿ ಯಾರೂ ತಂದು ಸುರಿದಿಲ್ಲ ಎಂಬುದು ಸರಿ. ಆದರೆ ಅದನ್ನು ಲೋಟಕ್ಕೆ ತಂದದ್ದು ನಮ್ಮ ರಿಗ್ಗು, ನಮ್ಮ ಪಂಪು. ಕೆರೆಯ ಹೂಳೆತ್ತಿ ಮಳೆನೀರು ಇಂಗಿಸುವುದನ್ನು ಅಂತರ್ಜಲ ಏರಿಸುವ ಕೆಲಸವೆಂದಷ್ಟೇ ಲೆಕ್ಕ ಹಾಕುತ್ತೇವೆ; ಅದು ನೀರಿನ ಗುಣವನ್ನೂ ಹಿಂದಿನ ಹಂತಕ್ಕೆ ತಳ್ಳಬಲ್ಲ ಕೆಲಸ. ಹೊಸ ನೀರು ಹಳೆಯದನ್ನು ತೆಳುವಾಗಿಸುತ್ತದೆ, ಮಣ್ಣಿನ ಇಂಗಾಲಾಮ್ಲ ಹೊತ್ತು ಇಳಿದು ಕ್ಯಾಲ್ಸೈಟನ್ನು ಕರಗಿಸಿ ಕ್ಯಾಲ್ಸಿಯಮ್ಮನ್ನು ಮರಳಿ ನೀರಿಗೆ ತರುತ್ತದೆ. ಕುಡಿಯುವ ನೀರಿಗಾಗಿ ಇನ್ನೂರು ಅಡಿ ಹೆಚ್ಚು ಕೊರೆಯುವ ಹಣವನ್ನು ಕೆರೆಯ ಮೇಲೆ ಹಾಕುವುದೇ ಮೇಲು ಎಂಬುದಕ್ಕೆ ಇದಕ್ಕಿಂತ ಬಲವಾದ ವಾದ ಬೇಕಿಲ್ಲ.

ಅಲ್ಲಿಯವರೆಗೆ ಓದುಗರು ಮಾಡಬಹುದಾದ ಕೆಲಸವೊಂದಿದೆ. ಪಕ್ಕದ ಬಾವಿಯ ವರದಿಯನ್ನು ನಂಬದೆ ನಿಮ್ಮ ಬಾವಿಯ ನೀರನ್ನೇ ಪರೀಕ್ಷೆ ಮಾಡಿಸಿ, ಮತ್ತೆ ಆಳಕ್ಕೆ ಕೊರೆಸಿದರೆ ಮತ್ತೊಮ್ಮೆ ಮಾಡಿಸಿ. ವರದಿ ಕೈಗೆ ಬಂದಾಗ ಫ್ಲೋರೈಡಿನ ಸಾಲಿನ ಜೊತೆಗೆ ಕ್ಯಾಲ್ಸಿಯಂ, ಸೋಡಿಯಂ, ಪಿಎಚ್ ಸಾಲುಗಳನ್ನೂ ಓದಿ. ಕ್ಯಾಲ್ಸಿಯಂ ತೀರ ಕಡಿಮೆಯಿದ್ದು ಉಳಿದೆರಡು ಏರಿದ್ದರೆ, ಈ ವರ್ಷ ಫ್ಲೋರೈಡ್ ಮಿತಿಯೊಳಗಿದ್ದರೂ ಮುಂದಿನ ಬೇಸಿಗೆಯಲ್ಲಿ ಇನ್ನೊಮ್ಮೆ ಪರೀಕ್ಷಿಸಿ. ಮನೆಯಲ್ಲಿ ಎಂಟು ವರ್ಷದೊಳಗಿನ ಮಕ್ಕಳಿದ್ದರಂತೂ ತಡ ಮಾಡಬೇಡಿ. ಅವರ ಕಾಯಂ ಹಲ್ಲಿನ ಎನಾಮಲ್ ರೂಪುಗೊಳ್ಳುವುದು ಆ ವಯಸ್ಸಿನಲ್ಲೇ.